ಹಾಕದೆ ಬಿಟ್ಟ ಮೊಳೆ

“ಯಾರ ಕಾಲಿದು?”

ಅಕ್ಕ ಗಟ್ಟಿಯಾಗಿಯೇ ಕೇಳಿದಳು, ಆದರೆ ಯಾರನ್ನೂ ಕೇಳಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆ ಹೊತ್ತಿಗೆ ಇದ್ದವಳು ಅವಳೊಬ್ಬಳೇ. ಉಳಿದವರು ಊಟಕ್ಕೆ ಹೋಗಿದ್ದರು. ಒಗೆಯುವ ಯಂತ್ರಗಳು ಮೂರೂ ಮೇವು ತಿಂದ ಎಮ್ಮೆಗಳ ಹಾಗೆ ತಮ್ಮ ಪಾಡಿಗೆ ಮೆಲುಕು ಹಾಕುತ್ತಿದ್ದವು. ಬೆಳಿಗ್ಗೆ ಸೋಡಾಪುಡಿಯ ಚೀಲವೊಂದರ ಹೊಲಿಗೆ ಬಿಚ್ಚಿ, ಬಾಗಿಲಿನಿಂದ ಇಸ್ತ್ರಿ ಮೇಜಿನವರೆಗೆ ನೆಲವೆಲ್ಲ ಬಿಳಿಯಾಗಿತ್ತು. ಗುಡಿಸ್ತೀನಿ ಅಂದವರು ಗುಡಿಸಿರಲಿಲ್ಲ. ಅದರ ಮೇಲೇ ನಡೆದುಕೊಂಡು ಹೋಗಿದ್ದರು. ಬೈದುಕೊಂಡೇ ಪೊರಕೆ ತಂದವಳು ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಪೊರಕೆಯನ್ನು ಎತ್ತಿದ ಕೈಯಲ್ಲೇ ಹಿಡಿದು ನಿಂತಳು.

ಪುಡಿಯಲ್ಲಿ ಒಂದು ಎಡಗಾಲು ಬೂಟಿನ ಹಿಮ್ಮಡಿ ಮೂಡಿತ್ತು. ಅಂಚಿನ ಸುತ್ತ ಕುದುರೆ ಲಾಳದ ಆಕಾರಕ್ಕೆ ಮೊಳೆತಲೆಗಳ ಚುಕ್ಕೆ. ಒಂಬತ್ತು ಇರಬೇಕಾದ ಕಡೆ ಎಂಟು. ಒಳಬದಿಯ ತುದಿಯಿಂದ ಎರಡನೆಯದು ಇಲ್ಲ. ಹಲ್ಲು ಬಿದ್ದವರು ನಕ್ಕ ಹಾಗೆ ಅಲ್ಲೊಂದು ಖಾಲಿ.

ಆ ಖಾಲಿ ಜಾಗ ಅವಳಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಕೋರ್ಟಿನ ಗೋಡೆಗೆ ಅದರ ಫೋಟೋವನ್ನು ಬಾಗಿಲಷ್ಟು ಎತ್ತರ ಮಾಡಿ ತೂಗುಹಾಕಿದ್ದರು. ಸಿಮೆಂಟು ಅಂಗಡಿಯ ಯಜಮಾನನನ್ನು ಅವನ ಗೋದಾಮಿನಲ್ಲೇ ಯಾರೋ ತಲೆಗೆ ಹೊಡೆದು ಕೊಂದಿದ್ದರು. ಹೆಣದ ಪಕ್ಕ, ಚೆಲ್ಲಿದ ಸಿಮೆಂಟಿನಲ್ಲಿ, ಇಂಥದ್ದೇ ಒಂದು ಹಿಮ್ಮಡಿ. ಅಕ್ಕನ ತಮ್ಮ ಬಸ್ ಕಂಡಕ್ಟರ್. ಕೊಲೆಯ ಹಿಂದಿನ ದಿನ ಆ ಯಜಮಾನ ತನ್ನ ಅಂಗಡಿಯ ಮುಂದೆಯೇ ಬಸ್ಸು ನಿಲ್ಲಬೇಕೆಂದು ಹಟ ಹಿಡಿದಿದ್ದ, ತಮ್ಮ ಸೀಟಿ ಊದಲಿಲ್ಲ, ಮಾತಿಗೆ ಮಾತು ಬೆಳೆದು “ನಿಮ್ಮ ಗ್ರಹಚಾರ ಬಿಡಿಸ್ತೀನಿ ನೋಡಿ” ಅಂದಿದ್ದ. ದಿನಕ್ಕೆ ಹತ್ತು ಸಲ ಹತ್ತು ಜನಕ್ಕೆ ಕಂಡಕ್ಟರುಗಳು ಆಡುವ ಮಾತು. ಅದನ್ನು ಕೇಳಿಸಿಕೊಂಡ ಅರವತ್ತು ಕಿವಿಗಳು ಪೊಲೀಸರಿಗೆ ಸಿಕ್ಕವು. ಆಮೇಲೆ ತಮ್ಮನ ಬೂಟು ಸಿಕ್ಕಿತು. ಬೂಟಿನಲ್ಲೂ ಎಂಟು ಮೊಳೆ.

ಪ್ರಯೋಗಾಲಯದ ತಜ್ಞರು ಕೋಲು ಹಿಡಿದು, ಮಕ್ಕಳಿಗೆ ಭೂಪಟ ತೋರಿಸುವ ಹಾಗೆ ತೋರಿಸಿದ್ದರು. ಒಂಬತ್ತರಲ್ಲಿ ಒಂದು ಮೊಳೆ ಸವೆದು ಉದುರಿದೆ. ಇದೇ ಅಳತೆಯ ಬೂಟಿನಲ್ಲಿ, ಇದೇ ಕಾಲಿನಲ್ಲಿ, ಇದೇ ಜಾಗದ ಮೊಳೆಯೇ ಉದುರುವುದು ಲಕ್ಷಕ್ಕೊಂದು ಅಂದಿದ್ದರು. ನ್ಯಾಯಾಧೀಶರು ತಲೆ ತಗ್ಗಿಸಿ ಬರೆದುಕೊಂಡಿದ್ದರು. ಅವತ್ತಿನಿಂದ ಅಕ್ಕನ ಬಾಯಲ್ಲಿ ಆ ತಜ್ಞರ ಹೆಸರು ಲಕ್ಷಕ್ಕೊಂದು ಎಂದೇ ಆಯಿತು. ತಮ್ಮನಿಗೆ ಜೀವಾವಧಿ ಆಯಿತು. ಮೇಲ್ಮನವಿ ಹಾಕಿದರು, ಬಿತ್ತು. ಮತ್ತೆ ಹಾಕಿದರು, ಮತ್ತೆ ಬಿತ್ತು. ವಿಜ್ಞಾನ ಸುಳ್ಳು ಹೇಳುತ್ತದೆಯೇ ಎಂದು ಮೇಲಿನ ಕೋರ್ಟು ಕೇಳಿತ್ತು. ಇವಳು ಲಾಂಡ್ರಿಯವಳು, ಏನು ಹೇಳಿಯಾಳು?

ಪೊರಕೆಯನ್ನು ಗೋಡೆಗೆ ಒರಗಿಸಿ ಮೊಣಕಾಲೂರಿ ಕೂತು ಬಾಗಿಲಿನವರೆಗೆ ತೆವಳಿದಳು. ಇನ್ನೊಂದು ಹಿಮ್ಮಡಿ. ಬೇರೆ ಅಳತೆ, ಅದೇ ಖಾಲಿ. ಮತ್ತೊಂದು. ಐದು ಜನ ನಡೆದ ದಾರಿಯಲ್ಲಿ ಮೂವರ ಎಡಗಾಲಿನಲ್ಲಿ ಅದೇ ಹಲ್ಲು ಬಿದ್ದಿತ್ತು.

ಲಕ್ಷಕ್ಕೊಂದು. ಐದಕ್ಕೆ ಮೂರು.

ಊಟ ಮುಗಿಸಿ ಬಂದವರನ್ನು ಅವಳು ಬಾಗಿಲಲ್ಲೇ ತಡೆದಳು. ಯಾರೂ ಪುಡಿ ತುಳಿಯಬೇಡಿ, ಎಡಗಾಲಿನ ಬೂಟು ಬಿಚ್ಚಿ ಕೊಡಿ ಅಂದಳು. ಬಾಯ್ಲರ್ ನೋಡಿಕೊಳ್ಳುವವನಿಗೆ ನಗು. “ಏನಕ್ಕಾ, ಕೈ ನೋಡಿ ಭವಿಷ್ಯ ಹೇಳೋರನ್ನ ಕಂಡಿದ್ದೆ, ನೀನು ಕಾಲಿಗೇ ಇಳಿದ್ಬಿಟ್ಯಾ?” ಅಂದ. ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. ಬಾಯ್ಲರಿನವನದು, ಲಿಫ್ಟಿನವನದು, ಅಡುಗೆಮನೆಯ ದೊಡ್ಡಮ್ಮನದು, ಮೂರು ಬೂಟಿಗೂ ಅಟ್ಟೆ ಹಾಕಿದ್ದು ಒಬ್ಬನೇ. ಬಸ್ ನಿಲ್ದಾಣದ ಹಿಂದೆ ಕೂರುವ ಬೂಟಜ್ಜ.

ಬೂಟಜ್ಜನ ಹೆಸರು ಕೇಳಿದ್ದೇ ಅಕ್ಕನ ಕಿವಿ ಬಿಸಿಯಾಯಿತು. ಈ ಅಟ್ಟೆ ನನ್ನದೇ ಕೈಕೆಲಸ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿ ತಮ್ಮನ ಕೊರಳಿಗೆ ಹಗ್ಗ ಹಾಕಿದವನು ಅವನೇ ಎಂದು ಅವಳು ನಂಬಿದ್ದಳು. ಹನ್ನೊಂದು ವರ್ಷ ಅವನ ಗೂಡಿನ ಮುಂದೆ ಹಾಯ್ದಿರಲಿಲ್ಲ. ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ಚಪ್ಪಲಿ ಕಿತ್ತರೆ ಎರಡು ಬೀದಿ ಸುತ್ತಿ ಬೇರೆಯವರ ಹತ್ತಿರ ಹೊಲಿಸುತ್ತಿದ್ದಳು. ಆ ಸಿಟ್ಟು ಇಲ್ಲದೆ, ಒಂದೇ ಒಂದು ಸಲ ತನ್ನ ಬೂಟನ್ನು ಅವನಿಗೆ ಕೊಟ್ಟಿದ್ದರೆ, ಈ ಖಾಲಿ ಜಾಗ ಅವಳ ಕಾಲ ಕೆಳಗೇ ಇರುತ್ತಿತ್ತು.

ಲಿಫ್ಟಿನವನ ಬೂಟನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಸಂಜೆಯೇ ಹೋದಳು.

ಬೂಟಜ್ಜನದು ಗೋಡೆಗೆ ಆತುಕೊಂಡ ತಗಡಿನ ಗೂಡು. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಮೊಣಕಾಲ ನಡುವೆ ಮೂರು ಕಾಲಿನ ಕಬ್ಬಿಣ, ಅದರ ಮೇಲೆ ಬೋರಲು ಬಿದ್ದ ಒಂದು ಬೂಟು. ಬಾಯಲ್ಲಿ ತುಟಿಯಂಚಿಗೆ ಸಾಲಾಗಿ ಮೊಳೆ. ಒಂದೊಂದೇ ತೆಗೆದು, ಒಂದೇ ಏಟಿಗೆ ಇಳಿಸುತ್ತಿದ್ದ. ಅಕ್ಕನನ್ನು ನೋಡಿದವನೇ ಗುರುತು ಹಿಡಿದ. ಸುತ್ತಿಗೆ ಕೆಳಗಿಟ್ಟ. ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಡಬ್ಬಿಗೆ ಸುರಿದ.

ಅಕ್ಕ ಬೂಟನ್ನು ಅವನ ಮುಂದೆ ಹಿಡಿದು, ಸರ್ಕಾರಿ ವಕೀಲ ಅವತ್ತು ಕೇಳಿದ ಹಾಗೆಯೇ ಕೇಳಿದಳು.

“ಇದು ನೀವು ಮಾಡಿದ್ದಾ?”

“ನಂದೇ.”

“ಒಂದು ಮೊಳೆ ಎಲ್ಲಿ?”

“ಅದನ್ನ ಹಾಕಲ್ಲ ತಾಯಿ.”

ಅಷ್ಟು ಸಲೀಸಾಗಿ ಬಂತು ಮಾತು. ಆಮೇಲೆ ಅವನು ತನ್ನ ಕಸುಬಿನ ಗುಟ್ಟನ್ನು, ಅದು ಗುಟ್ಟು ಎಂದೂ ತಿಳಿಯದೆ, ಬಿಡಿಸಿ ಹೇಳಿದ. ಕೂತು ದುಡಿಯುವವರ ಹಿಮ್ಮಡಿ ಹಿಂದೆ ಸವೆಯುತ್ತದೆ. ನಿಂತು ದುಡಿಯುವವರದು ಒಳಗಡೆಗೆ ಸವೆಯುತ್ತದೆ, ಅದೂ ಒಂದು ಕಾಲಿನದೇ ಹೆಚ್ಚು, ಬಹಳ ಮಂದಿಗೆ ಎಡಗಾಲಿನದು. ಅಲ್ಲಿ ಮೊಳೆ ಹೊಡೆದರೆ ನಾಲ್ಕು ತಿಂಗಳಿಗೆ ರಬ್ಬರು ತೆಳುವಾಗಿ ಮೊಳೆ ಮೇಲೆದ್ದು ಕಾಲಿಗೆ ಚುಚ್ಚುತ್ತದೆ. ಅದಕ್ಕೆ ಆ ಒಂದು ಜಾಗ ಬಿಟ್ಟು, ಅಂಟು ಸ್ವಲ್ಪ ದಪ್ಪ ಬಳಿದು ಕೂರಿಸುತ್ತಾನೆ. ಕಸುಬು ಕಲಿಸಿದ ಸೋದರಮಾವ ಹೇಳಿಕೊಟ್ಟದ್ದು. ಎಲ್ಲರಿಗೂ ಅಲ್ಲ, ನಿಲ್ಲುವವರಿಗೆ ಮಾತ್ರ. ಹಳೆಯ ಹಿಮ್ಮಡಿ ನೋಡಿದರೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಕೇಳುತ್ತಾನೆ, ಏನು ಕೆಲಸ ಅಂತ.

ಅಕ್ಕ ಬೂಟನ್ನು ತಿರುಗಿಸಿ ಆ ಖಾಲಿಯನ್ನು ನೋಡಿದಳು. ಮೊಳೆ ಉದುರಿದ್ದಲ್ಲ, ಸವೆದದ್ದಲ್ಲ. ನಿಂತು ನಿಂತು ನೋಯುವ ಕಾಲಿಗೆ ಒಬ್ಬ ಮುದುಕ ತೋರಿಸಿದ ಕರುಣೆ ಅದು. ಆ ಕರುಣೆಯನ್ನು ಕೋಲಿನಿಂದ ತೋರಿಸಿ ತಮ್ಮನನ್ನು ಒಳಗೆ ಹಾಕಿದ್ದರು.

“ಲಕ್ಷಕ್ಕೊಂದು ಉದುರುತ್ತೆ ಅಂದ್ರಲ್ಲ ಅವರು, ಇದನ್ನ ಅವತ್ತು ಹೇಳೋಕೆ ಏನಾಗಿತ್ತು ನಿಮಗೆ? ಕೋರ್ಟಲ್ಲೂ ಬಾಯಿ ತುಂಬ ಮೊಳೆ ಇಟ್ಕೊಂಡಿದ್ರಾ?”

ಬೂಟಜ್ಜ ತಲೆ ತಗ್ಗಿಸಿದ. ಆದರೆ ಉತ್ತರ ತಗ್ಗಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದರು, ಅಟ್ಟೆ ನೀನು ಹಾಕಿದ್ದಾ ಅಂತ. ಹೌದು ಅಂದೆ. ಇನ್ನೇನೋ ಹೇಳೋಕೆ ಬಾಯಿ ತೆರೆದರೆ ಕೇಳಿದ್ದಕ್ಕೆ ಮಾತ್ರ ಹೇಳು ಅಂದರು. ಹೊರಗೆ ಕಳಿಸಿದರು. ಲಕ್ಷದ ಮಾತು ಆಮೇಲೆ ಆಡಿದ್ದಿರಬೇಕು, ನನ್ನ ಕಿವಿಗೆ ಬೀಳಲಿಲ್ಲ. ಹುಡುಗ ಒಳಗೆ ಹೋದ ಅಂತ ಪೇಪರಲ್ಲಿ ಓದಿ ಹೇಳಿದರು. ಬೇರೆ ಏನೋ ಗಟ್ಟಿ ಸಾಕ್ಷಿ ಸಿಕ್ಕಿರಬೇಕು ಅಂದುಕೊಂಡೆ. ಹಾಕದ ಒಂದು ಮೊಳೆಗೆ ಯಾರಾದರೂ ಮನುಷ್ಯನನ್ನು ಕೂಡಿಹಾಕುತ್ತಾರೆಯೇ ಎಂದು ಅವನೇ ಅಕ್ಕನನ್ನು ಕೇಳಿದ.

ಹನ್ನೊಂದು ವರ್ಷ ಇವನ ಮೇಲೆ ಖರ್ಚು ಮಾಡಿದ ಸಿಟ್ಟನ್ನು ಈಗ ಯಾರ ಮೇಲೆ ಹಾಕಬೇಕೆಂದು ಅಕ್ಕನಿಗೆ ಸರಿಯಾಗಿ ಗೊತ್ತಾಯಿತು.

ಬಡವರ ಪರ ವಾದಿಸುವ ಕಚೇರಿಯೊಂದರ ವಕೀಲೆ ಫೈಲು ಕೈಗೆತ್ತಿಕೊಂಡಳು. ಚಿಕ್ಕ ವಯಸ್ಸಿನವಳು. ಮೇಜಿನ ಮೇಲೆ ಚಹಾದ ಲೋಟಕ್ಕೂ ಜಾಗವಿಲ್ಲದಷ್ಟು ಕಡತ. ಲೋಟ ಕಿಟಕಿಯ ಅಂಚಿನಲ್ಲಿ ಇರುತ್ತಿತ್ತು. ಆ ಕಡತಗಳಲ್ಲಿ ಇನ್ನೂ ನಾಲ್ಕು ಕೇಸುಗಳು ಲಕ್ಷಕ್ಕೊಂದರ ಸಾಕ್ಷ್ಯದ ಮೇಲೇ ನಿಂತವು ಎಂದು ಅವಳು ತೋರಿಸಿದಳು. ಹೊಸ ಸಂಗತಿ ಸಿಕ್ಕರೆ ಮುಚ್ಚಿದ ಕೇಸನ್ನು ಮೇಲಿನ ಕೋರ್ಟು ಒಂದು ಸಲ ತೆರೆಯಬಹುದು, ಆದರೆ ಒಂದೇ ಸಲ, ಇದಾದ ಮೇಲೆ ಇನ್ನೊಂದು ಬಾಗಿಲಿಲ್ಲ ಎಂದು ಮೊದಲ ದಿನವೇ ಹೇಳಿದಳು. ಆಮೇಲೆ ಹುಮ್ಮಸ್ಸಿನಿಂದ, ಇದು ಸುಲಭ ಅಕ್ಕಾ ಅಂದಳು. ಬೂಟು ಕೋರ್ಟಿನ ಉಗ್ರಾಣದಲ್ಲಿ ಇದ್ದೇ ಇರುತ್ತದೆ. ಹಿಮ್ಮಡಿ ತಿರುಗಿಸಿ ನೋಡಿದರೆ ಆಯಿತು. ಮೊಳೆ ಉದುರಿದ್ದರೆ ತೂತು ಇರುತ್ತದೆ. ಹಾಕೇ ಇಲ್ಲದಿದ್ದರೆ ರಬ್ಬರು ನುಣುಪಾಗಿರುತ್ತದೆ. ಕುರುಡನೂ ಬೆರಳಾಡಿಸಿ ಹೇಳಬಹುದು.

ಉಗ್ರಾಣದ ಗುಮಾಸ್ತ ಅರಗಿನ ಮುದ್ರೆ ಒಡೆದು ರಟ್ಟಿನ ಪೆಟ್ಟಿಗೆ ತೆರೆದ. ತಮ್ಮನ ಎಡಗಾಲಿನ ಬೂಟು ಇತ್ತು. ಲೇಸು ಇತ್ತು. ಒಳಗೆ ಅವನ ಬೆರಳುಗಳು ಮಾಡಿದ ಐದು ಗುಳಿ ಹಾಗೇ ಇದ್ದವು. ಅಕ್ಕ ಅದರೊಳಗೆ ಕೈಯಿಟ್ಟು ಒಂದೊಂದು ಗುಳಿಯನ್ನೂ ಮುಟ್ಟಿದಳು. ತಿರುಗಿಸಿದರೆ ಹಿಮ್ಮಡಿ ಇರಲಿಲ್ಲ. ಕತ್ತರಿಸಿ ತೆಗೆದ ಜಾಗದಲ್ಲಿ ಒಣಗಿದ ಅಂಟಿನ ಕಲೆ.

ಪ್ರಯೋಗಾಲಯಕ್ಕೆ ಬರೆದರು. ಎರಡು ತಿಂಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಸದರಿ ಹಿಮ್ಮಡಿಯನ್ನು ಪರೀಕ್ಷೆಗಾಗಿ ಬೇರ್ಪಡಿಸಲಾಗಿತ್ತು. ಮೊಳೆ ಉದುರಿದ ರಂಧ್ರವನ್ನು ಗಮನಿಸಲಾಗಿತ್ತು. ರಂಧ್ರದ ಛಾಯಾಚಿತ್ರವನ್ನು ತೆಗೆಯಲಾಗಿರಲಿಲ್ಲ. ಹಿಮ್ಮಡಿಯನ್ನು ನಿಯಮಾನುಸಾರ ವಿಲೇವಾರಿ ಮಾಡಲಾಗಿದೆ. ಅಕ್ಕ ಆ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ಬೇರ್ಪಡಿಸಲಾಗಿತ್ತು, ಗಮನಿಸಲಾಗಿತ್ತು, ವಿಲೇವಾರಿ ಮಾಡಲಾಗಿದೆ. ಕತ್ತರಿಸಿದ ಕೈ ಯಾರದು, ನೋಡಿದ ಕಣ್ಣು ಯಾರದು, ಕಸದ ಬುಟ್ಟಿಗೆ ಎಸೆದವರು ಯಾರು, ಒಬ್ಬ ಮನುಷ್ಯನೂ ಆ ಕಾಗದದಲ್ಲಿರಲಿಲ್ಲ. ತಾನೇ ಮಾಡಿಕೊಂಡು, ತಾನೇ ನೋಡಿಕೊಂಡು, ತಾನೇ ಹೋಗಿ ಕಸದಲ್ಲಿ ಬಿದ್ದುಕೊಂಡ ಹಿಮ್ಮಡಿ. ಅದರ ಬದಲು ಜೈಲಿನಲ್ಲಿರುವವನು ಮಾತ್ರ ರಕ್ತ ಮಾಂಸದ ಮನುಷ್ಯ.

“ಇವರ ಮನೆ ಹಾಳಾಗ,” ಅಂದಳು ಅಕ್ಕ. ವಕೀಲೆ ಕೇಳಿಸಿಕೊಳ್ಳದವಳ ಹಾಗೆ ಕಾಗದ ಮಡಚಿದಳು.

ಲಕ್ಷಕ್ಕೊಂದು ಈಗ ನಿವೃತ್ತರು. ವಕೀಲೆ ಪತ್ರ ಬರೆದು ಕೇಳಿದ್ದಕ್ಕೆ ಬನ್ನಿ ಅಂದರು. ಗೋಡೆಯ ತುಂಬ ಪ್ರಶಸ್ತಿಪತ್ರಗಳು, ಪುಸ್ತಕದ ಕಪಾಟಿನ ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇಲ್ಲ. ಮೆತ್ತಗಿನ ಮಾತಿನ ಮನುಷ್ಯ. ಇಬ್ಬರಿಗೂ ನೀರು ತರಿಸಿದರು, ಅಕ್ಕನಿಗೆ ತಾವೇ ಕುರ್ಚಿ ಎಳೆದುಕೊಟ್ಟರು. ಅಕ್ಕ ಕೂರಲಿಲ್ಲ. ನಿಂತು ಅಭ್ಯಾಸ ಅಂದಳು.

ವಕೀಲೆ ನಯವಾಗಿಯೇ ಶುರು ಮಾಡಿದಳು. ತೂತನ್ನು ನೀವು ಕಣ್ಣಾರೆ ನೋಡಿದ್ದಿರಾ ಅಂದರೆ, ವರದಿಯಲ್ಲಿ ಬರೆದಿದೆಯಲ್ಲ ಅಂದರು. ವರದಿ ಬರೆದವರು ನೀವೇ ಅಲ್ಲವೇ ಅಂದರೆ, ಹೌದು, ಆದ್ದರಿಂದ ನೋಡಿಯೇ ಇರುತ್ತೇನೆ ಅಂದರು. ಮೊಳೆ ಇಲ್ಲ ಅಂದಮೇಲೆ ಉದುರಿರಲೇಬೇಕು, ಉದುರಿದ ಮೇಲೆ ತೂತು ಇರಲೇಬೇಕು; ಹಾಕದೆ ಬಿಡುವುದುಂಟೇ ಎಂದು ಸಣ್ಣಗೆ ನಕ್ಕರು. ಆ ನಗು ಅಕ್ಕನಿಗೆ ತಡೆಯಲಿಲ್ಲ.

“ಸಾರ್, ಲಕ್ಷ ಹಿಮ್ಮಡಿ ನೋಡಿದ್ರಾ ನೀವು?”

“ನೋಡಬೇಕಾಗಿಲ್ಲಮ್ಮ. ಅದು ಅನುಭವದಿಂದ ಬರುತ್ತೆ.”

“ಸಾವಿರ?”

ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ಅತ್ತ ಸರಿಸಿದರು.

“ನೂರು? ನಾನು ಐದು ನೋಡ್ದೆ. ಸೋಡಾಪುಡಿಯಲ್ಲಿ, ಪೊರಕೆ ಹಿಡ್ಕೊಂಡು. ಐದು ನೋಡಿದ್ರೂ ಸಾಕಿತ್ತು ಸಾರ್ ನೀವು.”

ನಿಮ್ಮ ತಮ್ಮನ ಬಗ್ಗೆ ನನಗೆ ವಿಷಾದವಿದೆ ಎಂದು ಅವರು ಎದ್ದು ನಿಂತರು. ಮೆಟ್ಟಿಲಿಳಿಯುವಾಗ ಅಕ್ಕನಿಗೆ ಅಪ್ಪನ ನೆನಪಾಯಿತು. ಅಪ್ಪ ಸಂಜೆ ಹೊತ್ತು ಕಾವ್ಯ ಓದುತ್ತಿದ್ದ, ರಾಗವಾಗಿ. ಓದು ಬಾರದ ಅಮ್ಮ, ಇವಳು, ಇವಳ ತೊಡೆಯ ಮೇಲೆ ತಲೆಯಿಟ್ಟ ತಮ್ಮ, ಮೂವರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಳೆಯ ಪುಸ್ತಕ, ಅಲ್ಲಲ್ಲಿ ಗೆದ್ದಲು ತಿಂದು ಸಾಲೇ ಇರಲಿಲ್ಲ. ಅಂಥ ಕಡೆ ಬಂದಾಗ ಅಪ್ಪ ಬೆರಳೆತ್ತಿ, ಒಂದು ಸಾಲು ಹಾಡುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಸಾಲಿಗೆ ಹೋಗುತ್ತಿದ್ದ. ಏನಾದರೂ ಸೇರಿಸಿ ಹಾಡಬಾರದಾ, ನಮಗೇನು ಗೊತ್ತಾಗುತ್ತೆ ಎಂದು ಅಮ್ಮ ಒಂದು ದಿನ ಕೇಳಿದ್ದಳು. ದೇವರಿಗೆ ಗೊತ್ತಾಗುತ್ತೆ ಅಂದಿದ್ದ ಅಪ್ಪ. ಈ ಮಹಾನುಭಾವರು ಗೆದ್ದಲು ತಿಂದ ಜಾಗದಲ್ಲಿ ತಮ್ಮದೇ ಸಾಲು ಬರೆದು, ಅದನ್ನು ರಾಗವಾಗಿ ಹಾಡಿ, ಪ್ರಶಸ್ತಿಪತ್ರ ತಗಲುಹಾಕಿಕೊಂಡಿದ್ದಾರಲ್ಲ ಎಂದುಕೊಳ್ಳುತ್ತ ಅವಳು ರಸ್ತೆಗಿಳಿದಳು.

ಜೈಲಿನಲ್ಲಿ ಭೇಟಿಯ ಕೋಣೆ ಉದ್ದಕ್ಕೆ ಇತ್ತು. ನಡುವೆ ಎರಡು ಸಾಲು ಜಾಲರಿ, ಈ ಕಡೆ ಇಪ್ಪತ್ತು ಜನ, ಆ ಕಡೆ ಇಪ್ಪತ್ತು ಜನ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಅಕ್ಕ ಬೂಟಜ್ಜನ ಮಾತನ್ನು ಕೂಗಿ ಕೂಗಿ ಹೇಳಿದಳು. ತಮ್ಮ ಕೇಳಿ ಕೇಳಿ, ಜಾಲರಿಗೆ ಹಣೆ ಒತ್ತಿ, ನಗತೊಡಗಿದ. ಹುಚ್ಚು ಹಿಡಿಯಿತೇ ಎಂದು ಅವಳಿಗೆ ಹೆದರಿಕೆಯಾಯಿತು.

“ಚುಚ್ತಿತ್ತು ಕಣಕ್ಕಾ,” ಅಂದ. “ಹಳೇ ಅಟ್ಟೆಯ ಮೊಳೆ. ಅದಕ್ಕೇ ನಾನು ಅವರ ಹತ್ರ ಹೋಗಿದ್ದು.”

ಬೂಟು ತಿರುಗಿಸಿ ನೋಡಿ, ನೀನು ಎಡಗಾಲಿನ ಮೇಲೆ ನಿಲ್ಲುವವನು ಅಂದಿದ್ದನಂತೆ ಬೂಟಜ್ಜ. ಬಸ್ಸು ನಿಲ್ಲಿಸಿದರೂ ನಾನು ನಿಂತೇ ಇರೋನು ಅಂದಿದ್ದನಂತೆ ಇವನು. ಇಬ್ಬರೂ ನಕ್ಕಿದ್ದರಂತೆ. ಇದನ್ನು ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಅಕ್ಕ ಕೂಗಿದಳು. ತಮ್ಮನ ನಗು ಇಳಿಯಿತು. ಅಷ್ಟು ದೊಡ್ಡವರು ಕೋಲು ಹಿಡಿದು ಉದುರಿದೆ ಅಂದಾಗ, ಹಾಗಾದರೆ ಉದುರಿರಬೇಕು ಎಂದು ತಾನೂ ನಂಬಿದ್ದೆ ಅಂದ. ತನ್ನ ಕಾಲಿನ ಬೂಟಿನ ಬಗ್ಗೆ ತನಗಿಂತ ಅವರಿಗೇ ಹೆಚ್ಚು ಗೊತ್ತಿದೆ ಎಂದುಕೊಂಡಿದ್ದೆ ಅಂದ. ಒಳಗೆ ಹೋದಾಗ ಅವನಿಗೆ ಇಪ್ಪತ್ತಾರು. ಈಗ ಕಿವಿಯ ಮೇಲೆ ನರೆ ಬಂದಿತ್ತು.

ವಿಚಾರಣೆಯ ದಿನ ಅಕ್ಕ ಆಸ್ಪತ್ರೆಗೆ ರಜೆ ಹಾಕಿದಳು. ಬಾಯ್ಲರಿನವನೂ ಲಿಫ್ಟಿನವನೂ ದೊಡ್ಡಮ್ಮನೂ ಬೂಟುಗಳನ್ನು ಚೀಲದಲ್ಲಿ ಹಾಕಿ ಕೊಟ್ಟು, ಬರಿಗಾಲಲ್ಲೂ ಹವಾಯಿ ಚಪ್ಪಲಿಯಲ್ಲೂ ಕೆಲಸಕ್ಕೆ ಹೋದರು. ಕೋರ್ಟಿನ ಹೊರಗಿನ ಓಣಿಯಲ್ಲಿ ಮರದ ಬೆಂಚು, ಬೆನ್ನಿಗೆ ತಣ್ಣನೆಯ ಗೋಡೆ, ತಲೆಯ ಮೇಲೆ ಒಂದು ಕಡೆ ವಾಲಿ ತಿರುಗುವ ಫ್ಯಾನು. ಬೂಟಜ್ಜ ಒಗೆದ ಅಂಗಿ ಹಾಕಿಕೊಂಡು, ಕೂದಲು ಬಾಚಿಕೊಂಡು, ಕನ್ನಡಕವನ್ನು ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದ.

ಒಳಗಿನಿಂದ ವಕೀಲೆ ಹೊರಗೆ ಬಂದಳು. ಮುಖ ಸಪ್ಪಗಿತ್ತು. ಸರ್ಕಾರಿ ವಕೀಲರು ಜಾಣತನ ಮಾಡಿದ್ದಾರೆ ಅಂದಳು. ಆಸ್ಪತ್ರೆಯ ಬೂಟುಗಳಿಗೆ ಆ ಒಂದು ಮೊಳೆಯನ್ನು ಹಾಕಿಯೇ ಇಲ್ಲ, ಒಪ್ಪಿದೆವು. ಆದರೆ ಈ ಬೂಟಿನಲ್ಲಿ ಮೊಳೆ ಇತ್ತು, ಉದುರಿತ್ತು, ತೂತು ಇತ್ತು, ಪ್ರಯೋಗಾಲಯ ನೋಡಿದೆ. ಅದು ಬೇರೆ, ಇದು ಬೇರೆ; ಹಾಕದೆ ಬಿಟ್ಟದ್ದು ಎಷ್ಟೇ ಇರಲಿ, ಉದುರುವುದು ಲಕ್ಷಕ್ಕೊಂದೇ. ಹೀಗೆ ಅವರ ವಾದ. ತೂತು ಇತ್ತೋ ಇಲ್ಲವೋ ಎಂದು ಹೇಳಬೇಕಾದ ಹಿಮ್ಮಡಿ ಇಲ್ಲ. ಆದ್ದರಿಂದ ನ್ಯಾಯಾಧೀಶರು ಬೂಟಜ್ಜನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಈ ಆರೋಪಿಯ ಬೂಟಿಗೆ ಆ ಮೊಳೆ ಹಾಕಿರಲಿಲ್ಲ ಎಂದು ನಿಮಗೆ ಖಚಿತವಾಗಿ ನೆನಪಿದೆಯೇ?

“ನಿಮಗೆ ಏನು ಗೊತ್ತೋ ಅಷ್ಟು ಹೇಳಿ ಅಜ್ಜಾ,” ಎಂದು ಬೂಟಜ್ಜನಿಗೆ ಹೇಳಿ, ಅಕ್ಕನ ಕಡೆ ನೋಡದೆ ಅವಳು ಒಳಗೆ ಹೋದಳು.

ಅಕ್ಕ ಬೆಂಚಿನ ಮೇಲೆ ಹತ್ತಿರ ಸರಿದು ಕೂತಳು. ತಮ್ಮ ಜಾಲರಿಯಾಚೆಯಿಂದ ಹೇಳಿದ್ದನ್ನೆಲ್ಲ ಹೇಳಿದಳು. ಮೊಳೆ ಚುಚ್ಚಿದ್ದು, ನೀನು ಎಡಗಾಲಿನವನು ಅಂದದ್ದು, ಬಸ್ಸು ನಿಂತರೂ ನಿಲ್ಲುವವನು ಅಂದದ್ದು, ಇಬ್ಬರೂ ನಕ್ಕದ್ದು. ಬೂಟಜ್ಜ ಗಮನವಿಟ್ಟು ಕೇಳಿದ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹುಡುಕಿದ, ಡಬ್ಬಿಯ ತಳದಲ್ಲಿ ಕಡ್ಡಿಮೊಳೆ ಹುಡುಕುವವನ ಹಾಗೆ. ಕಣ್ಣು ತೆರೆದು ತಲೆಯಾಡಿಸಿದ.

“ಬರ್ತಿಲ್ಲ ತಾಯಿ. ಕಂಡಕ್ಟರು ಅಂತ ಹೇಳಿದ್ರೆ ಆ ಮೊಳೆ ಖಂಡಿತ ಹಾಕಿರಲ್ಲ ನಾನು. ಅದನ್ನ ಹೇಳ್ತೀನಿ. ಆದರೆ ಆ ಹುಡುಗನ ಮುಖ ನೆನಪಿಲ್ಲ, ಆ ಬೂಟು ನೆನಪಿಲ್ಲ. ದಿನಕ್ಕೆ ಎಷ್ಟೋ ಬೂಟು.”

“ನೆನಪಿದೆ ಅನ್ನಿ.”

ಅವನು ಜೇಬಿನ ಕನ್ನಡಕವನ್ನು ಮತ್ತೆ ಮುಟ್ಟಿ ನೋಡಿಕೊಂಡ.

“ನಾನು ಸುಳ್ಳು ಹೇಳಿಸ್ತಿಲ್ಲ. ನಡೆದಿದ್ದು ನಿಜ ತಾನೇ? ನಿಮ್ಮ ಗೂಡಲ್ಲೇ ನಡೆದಿದ್ದು, ನಿಮ್ಮ ಕೈಯಲ್ಲೇ ನಡೆದಿದ್ದು. ನಿಮಗೆ ಮರೆತಿದೆ, ಅವನಿಗೆ ನೆನಪಿದೆ, ಅಷ್ಟೇ. ಅವನ ನೆನಪನ್ನ ನಿಮ್ಮ ಬಾಯಲ್ಲಿ ಹೇಳಿ. ಅವನ ಬಾಯಿಗೆ ಬೆಲೆ ಇಲ್ಲ ಅಂತ ತಾನೇ ನಿಮ್ಮನ್ನ ಕರೆದಿರೋದು?”

ಅವಳ ದನಿ ಏರಿತು. ಓಣಿಯಲ್ಲಿದ್ದ ಒಬ್ಬಿಬ್ಬರು ತಿರುಗಿ ನೋಡಿದರು. ಅವಳು ಲಕ್ಷ್ಯ ಮಾಡಲಿಲ್ಲ. ಆ ಮನುಷ್ಯ ನೋಡದ ತೂತನ್ನು ನೋಡಿದೆ ಅಂದ, ಯಾರೂ ಕೇಳಲಿಲ್ಲ. ಎಣಿಸದ ಲಕ್ಷವನ್ನು ಎಣಿಸಿದೆ ಅಂದ, ಬರೆದುಕೊಂಡರು. ಅವನಿಗೆ ಪ್ರಶಸ್ತಿ ಕೊಟ್ಟರು, ಪಿಂಚಣಿ ಕೊಟ್ಟರು. ಅಷ್ಟು ದೊಡ್ಡ ಸುಳ್ಳು ನಡೆದ ಕೋರ್ಟಿನಲ್ಲಿ ಇಷ್ಟು ಸಣ್ಣ ನಿಜಕ್ಕೆ ನಿಮ್ಮ ನಾಲಿಗೆ ಏಳುವುದಿಲ್ಲವೇ ಎಂದು ಕೇಳಿದಳು. ನಿಮ್ಮ ಒಳ್ಳೆಯತನಕ್ಕೇ ಅಲ್ಲವೇ ನನ್ನ ತಮ್ಮ ಒಳಗೆ ಹೋದದ್ದು, ಆ ಒಂದು ಮೊಳೆ ಹೊಡೆದಿದ್ದರೆ ಕಾಲು ಚುಚ್ಚುತ್ತಿತ್ತು ಅಷ್ಟೇ, ಇವತ್ತು ಮನೆಯಲ್ಲಿರುತ್ತಿದ್ದ ಅಂದಳು. ಆ ಮಾತಿಗೆ ಬೂಟಜ್ಜನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು. ನಿಮ್ಮ ಕಣ್ಣೀರು ಬೇಡ ನನಗೆ, ಎರಡು ಮಾತು ಬೇಕು ಅಂದಳು.

ಬಾಗಿಲು ತೆರೆಯಿತು. ಜವಾನ ತಲೆ ಹೊರಗೆ ಹಾಕಿ, ಅಟ್ಟೆ ಹಾಕುವ ಸಾಕ್ಷಿ ಯಾರು, ಬನ್ನಿ ಅಂದ.

ಬೂಟಜ್ಜ ಗೋಡೆ ಹಿಡಿದು ಎದ್ದ. ಅಕ್ಕ ಅವನ ಅಂಗಿಯ ತೋಳು ಹಿಡಿದಳು. ಹನ್ನೊಂದು ವರ್ಷ ಯಾರ ಮುಂದೆಯೂ ಬಗ್ಗದವಳು, ಲಕ್ಷಕ್ಕೊಂದರ ಕುರ್ಚಿಯಲ್ಲೂ ಕೂರದವಳು, ಬಗ್ಗಿ ಅವನ ಕಾಲಿಗೆ ಕೈ ಚಾಚಿದಳು. ಸವೆದ, ತಾನೇ ತೇಪೆ ಹಾಕಿಕೊಂಡ ಅವನ ಚಪ್ಪಲಿ ಅವಳ ಬೆರಳಿಗೆ ತಾಗಿತು.

“ನೆನಪಿದೆ ಅಂದ್ಬಿಡಿ ಅಜ್ಜಾ. ಒಂದೇ ಒಂದು ಸಲ. ನಿಮ್ಮ ಕಾಲು ಹಿಡ್ಕೊಂಡು ಕೇಳ್ತೀನಿ.”

ಬೂಟಜ್ಜ ಬಗ್ಗಿ ಅವಳ ಎರಡೂ ಕೈಗಳನ್ನು ಹಿಡಿದು ಮೇಲೆತ್ತಿದ. ಅವನ ಬೆರಳುಗಳು ಕಬ್ಬಿಣದ ಹಾಗೆ ಗಟ್ಟಿಯಾಗಿದ್ದವು. ಜೇಬಿನಿಂದ ಕನ್ನಡಕ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ತೆರೆದ ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

“ಇಲ್ಲ ತಾಯಿ,” ಅಂದ. “ಅದನ್ನ ನಾನು ಹೇಳಲ್ಲ.”